ಅಗಿಗಳು ಅತ್ತ ಮಳೆಗಾಲ

ಗಿಡಕ್ಕೆ ಬಾಯಾರಿದಾಗ ಅದು ಬಾಯಿಬಿಟ್ಟು ಹೇಳುವಂತಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆ ಕೇಳಿಕೊಂಡವನೂ ನಾನೇ, ಅದರ ಉತ್ತರವನ್ನು ಅನುಭವಿಸಿದವನೂ ನಾನೇ. ಆದ್ದರಿಂದ ಬೇರೆ ಯಾರ ಮೇಲೂ ತಪ್ಪು ಹೊರಿಸದೆ ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ನನ್ನ ಹೆಸರು ಇಂದುಧರ. ಸಸ್ಯಗಳ ಮೈಯಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಅಳೆಯುವುದು ನನ್ನ ಕಸುಬು. 2058ರ ಬೇಸಿಗೆಯಲ್ಲಿ ನನ್ನನ್ನು ಕೆಂಗುಡ್ಡಕ್ಕೆ ಕಳಿಸಿದರು. ಅದಿರಿಗಾಗಿ ಅಗೆದು, ಬಗೆದು, ಕೊನೆಗೆ ಅಗೆದವರೆಲ್ಲ ಗಂಟುಮೂಟೆ ಕಟ್ಟಿ ಹೋಗಿ ಮೂವತ್ತು ವರ್ಷವಾಗಿದ್ದ ಗುಡ್ಡ ಅದು. ಮೇಲೆ ಒಂದು ಗರಿಕೆಯೂ ಇರಲಿಲ್ಲ. ಮಳೆ ಬಂದರೆ ಕೆಂಪು ಕೆಸರು ಹರಿದು ಬುಡದಲ್ಲಿದ್ದ ಹೊಂಡವನ್ನು ಸೇರುತ್ತಿತ್ತು. ಆ ನೀರನ್ನು ಎಮ್ಮೆ ಕೂಡ ಮೂಸಿ ನೋಡುತ್ತಿರಲಿಲ್ಲ.

ಗುಡ್ಡ ಮರುಜೀವ ಮಂಡಳಿಯವರು ಊರಿಗೆ ಒಂದೇ ಒಂದು ಮಳೆಗಾಲದ ಅವಕಾಶ ಕೊಟ್ಟಿದ್ದರು. ಇಳಿಜಾರಿನಲ್ಲಿ ನೆಟ್ಟ ಸಸಿಗಳಲ್ಲಿ ಹತ್ತಕ್ಕೆ ಏಳು ಬದುಕಿದರೆ ಗುಡ್ಡ, ಹೊಂಡ ಎರಡೂ ಊರಿನವು. ಬದುಕದಿದ್ದರೆ ಹೊಂಡ ಮುಚ್ಚಿ, ಗುಡ್ಡಕ್ಕೆ ಕಾಂಕ್ರೀಟು ಹೊದಿಸಿ, ಸುತ್ತ ಬೇಲಿ ಹಾಕುವುದೆಂದು ತೀರ್ಮಾನವಾಗಿತ್ತು.

ನೆಡಬೇಕಾಗಿದ್ದದ್ದು ಏನು ಗೊತ್ತೇ? ನಗಬೇಡಿ, ಭಂಗಿ ಗಿಡ. ಆದರೆ ಇದು ನಾರಿನ ಜಾತಿ. ಇದರ ಬೇರು ಸರಸರನೆ ಆಳಕ್ಕಿಳಿದು ಸಡಿಲ ಮಣ್ಣನ್ನು ಕಟ್ಟಿಹಾಕುತ್ತದೆ, ಮಣ್ಣಿನಲ್ಲಿರುವ ಸೀಸದಂಥ ಕೆಟ್ಟ ಲೋಹಗಳನ್ನು ಹೀರಿ ಕಡ್ಡಿಗೆ ತುಂಬಿಕೊಳ್ಳುತ್ತದೆ. ಆ ಕಡ್ಡಿಯನ್ನು ಕೊಯ್ದು ಸುಣ್ಣದಲ್ಲಿ ಕಲಸಿ ಇಟ್ಟಿಗೆ ಮಾಡಬಹುದು. ನಶೆಯ ಅಂಶ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. “ಒಂದು ಬಂಡಿ ಸೇದಿದರೂ ಕೆಮ್ಮು ಬಿಟ್ಟು ಬೇರೇನೂ ಬರುವುದಿಲ್ಲ” ಎಂದು ಬಂದವರಿಗೆಲ್ಲ ಹೇಳಿ ಹೇಳಿ ನನಗೇ ಕೆಮ್ಮು ಬಂದಿತ್ತು. ಆದರೂ ಕಾನೂನು ಕಾನೂನೇ. ಸಸಿಗಳ ಕಾವಲಿಗೆ ಬಸಲಿಂಗಪ್ಪ ಎಂಬ ಪೇದೆಯನ್ನು ನೇಮಿಸಿದ್ದರು. ದಪ್ಪ ಮೀಸೆ, ಮೆತ್ತನೆಯ ಮನಸ್ಸಿನ ಮನುಷ್ಯ.

ಬೀಜವನ್ನು ನೇರವಾಗಿ ಗುಡ್ಡಕ್ಕೆ ಎರಚಿದರೆ ಅರ್ಧ ಹಕ್ಕಿಗೆ, ಅರ್ಧ ಮಳೆಗೆ. ಹಾಗಾಗಿ ನೆರಳುಪರದೆಯ ಕೆಳಗೆ, ಗುಳಿಗುಳಿಯಾದ ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಬೆಳೆಸಿ, ಗೇಣುದ್ದ ಆದಮೇಲೆ ಗುಡ್ಡಕ್ಕೆ ಒಯ್ದು ಹಚ್ಚಬೇಕಿತ್ತು. ಸಸಿಗೆ ಆ ಕಡೆ ಅಗಿ ಎನ್ನುತ್ತಾರೆ, ನೆಡುವುದಕ್ಕೆ ಹಚ್ಚುವುದು ಎನ್ನುತ್ತಾರೆ. ಜೀವಮಾನವೆಲ್ಲ ಮೆಣಸಿನಕಾಯಿ ಅಗಿ, ಉಳ್ಳಾಗಡ್ಡಿ ಅಗಿ ಬೆಳೆಸಿದ ಇಪ್ಪತ್ತು ಹೆಣ್ಣುಮಕ್ಕಳ ಗುಂಪೇ ಈ ಕೆಲಸವನ್ನೂ ಹೊತ್ತಿತ್ತು. ಅವರ ಯಜಮಾನಿ ನೀಲಗಂಗವ್ವ, ವಯಸ್ಸು ಅರವತ್ತನಾಲ್ಕು. ದಿನಾ ಬೆಳಿಗ್ಗೆ ನಮ್ಮ ಕ್ವಾರ್ಟರ್ಸಿಗೆ ಬಂದು ನಮ್ಮ ಮೂರು ತಿಂಗಳ ಮಗಳು ಇಂಚರಳಿಗೆ ಎಣ್ಣೆ ಹಚ್ಚಿ ಎರೆದು ಹೋಗುವವಳೂ ಅವಳೇ.

ಒಂದು ದಿನ ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು ನೀರು ಹುಯ್ಯುತ್ತ ಹೇಳಿದಳು: “ಆ ಹೊಂಡದಾಗ ನಾ ಈಜು ಕಲ್ತಾಕಿ ನೋಡ್ರಿ ಸಾಹೇಬ್ರ. ನಮ್ಮವ್ವ ಕಲಿಸಿದ್ಲು. ನನ್ನ ಮಗಳಿಗೆ ಕಲಸಾಕ ಆಗಲಿಲ್ಲ, ಮೊಮ್ಮಗಳಿಗೂ ಆಗಲಿಲ್ಲ, ನೀರು ಕೆಟ್ಟಿತ್ತು. ಇನ್ನೊಂದು ಕೂಸಿಗರೆ ಕಲಿಸಿ ಸಾಯಬೇಕಂತ ಆಸೆ ಐತಿ.”

“ಆಗ್ತದ ಬಿಡ ನೀಲಗಂಗವ್ವ, ನನ್ನ ಯಂತ್ರ ಐತಲ್ಲ” ಎಂದೆ ನಾನು. ಆಗ ನನಗೆ ಮೂವತ್ತೊಂದು ವರ್ಷ. ಆ ವಯಸ್ಸಿನಲ್ಲಿ ಮನುಷ್ಯ ಇಂಥ ಮಾತುಗಳನ್ನು ಆಡುತ್ತಾನೆ.

ನನ್ನ ಯಂತ್ರದ ಹೆಸರು ಸಸ್ಯವಾಣಿ. ಕೂದಲಿಗಿಂತ ತೆಳುವಾದ ಇಂಗಾಲದ ಸೂಜಿಯೊಂದನ್ನು ಅಗಿಯ ಬೇರಿನ ಬಳಿ ಚುಚ್ಚಿಟ್ಟರೆ, ಬೇರಿಗೆ ಬಾಯಾರಿದಾಗ ಅಥವಾ ಎಲೆಗೆ ಪೆಟ್ಟಾದಾಗ ಗಿಡದೊಳಗೆ ಏಳುವ ವಿದ್ಯುತ್ತಿನ ಏರಿಳಿತ ಅದಕ್ಕೆ ಸಿಗುತ್ತದೆ. ಅದನ್ನು ಹಿಡಿದು ಡಬ್ಬಿಯೊಂದು ಸದ್ದು ಮಾಡುತ್ತದೆ, ಯಾವ ಸೂಜಿಯೆಂದು ನಂಬರನ್ನೂ ತೋರಿಸುತ್ತದೆ. ಇಷ್ಟೇ. ಮೊದಲು ಆ ಸದ್ದು ಬರೀ ‘ಟುಂಯ್’ ಎಂಬ ಸೀಟಿಯಾಗಿತ್ತು, ಮತ್ತು ಅದನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ಅವರದಲ್ಲ. ಆ ಕಾಲಕ್ಕಾಗಲೇ ಒಲೆ ಟುಂಯ್ ಎನ್ನುತ್ತಿತ್ತು, ಮಾತ್ರೆಯ ಡಬ್ಬಿ ಟುಂಯ್ ಎನ್ನುತ್ತಿತ್ತು, ಹಾಲು ತರುವ ಡ್ರೋನು ಬಾಗಿಲಿಗೆ ಬಂದು ಟುಂಯ್ ಎನ್ನುತ್ತಿತ್ತು, ಎಮ್ಮೆಯ ಕೊರಳಪಟ್ಟಿ ಕೂಡ ಬಿಟ್ಟಿರಲಿಲ್ಲ. ಜನ ಟುಂಯ್ ಎಂಬುದಕ್ಕೆ ಪೂರ್ತಿ ಕಿವುಡಾಗಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ಇಂಚರ ಚೀರಿ ಅತ್ತಳು. ನನ್ನ ಹೆಂಡತಿ ಶಾಂಭವಿ ಸಾಬೂನಿನ ಕೈಯಲ್ಲೇ ಬಚ್ಚಲಿಂದ ಓಡಿಬಂದಳು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ದಾರಿಯಲ್ಲಿ ಹೋಗುತ್ತಿದ್ದ ಬಸಲಿಂಗಪ್ಪ ಗೇಟಿಗೆ ಬಂದು, “ಯಾಕ್ರಿ, ಕೂಸಿಗೆ ಏನಾತ್ರಿ?” ಎಂದ. ನನ್ನ ತಲೆಯಲ್ಲಿ ದೀಪ ಹತ್ತಿತು. ಎತ್ತಿಕೊಳ್ಳುವ ಬದಲು ಮೈಕು ಹಿಡಿದೆ.

“ಕೂಸು ಅಳಾಕತ್ತೈತಿ, ಎತ್ಕೊಳ್ಳೂದು ಬಿಟ್ಟು ಮೈಕ್ ಹಿಡದೀರಲ್ರಿ! ನೀವು ಅಪ್ಪನೋ, ರೇಡಿಯೋದವ್ರೋ?” ಎಂದು ಶಾಂಭವಿ ಬೈದಳು. ಬೈಗುಳವೂ ರೆಕಾರ್ಡಾಯಿತು. ಅದನ್ನು ಕತ್ತರಿಸಿ ಅಳುವನ್ನಷ್ಟೇ ಡಬ್ಬಿಗೆ ತುಂಬಿದೆ.

ಪರಿಣಾಮ ನಾನು ಎಣಿಸಿದ್ದಕ್ಕಿಂತ ಹತ್ತು ಪಟ್ಟಾಯಿತು. ಟ್ರೇಗೆ ಒಂದರಂತೆ ನೂರು ಟ್ರೇಗೆ ನೂರು ಸೂಜಿ. ಮೊದಲ ಅಳು ಹೊರಟ ಕೂಡಲೇ ಇಪ್ಪತ್ತು ಹೆಣ್ಣುಮಕ್ಕಳು ಒಟ್ಟಿಗೆ ಎದ್ದು ನಿಂತರು. “ಯವ್ವಾ, ಬಾಯಾರೈತಿ ಅದಕ್ಕ!” ಎಂದು ನೀರು ಚಿಮುಕಿಸುವ ಝಾರಿ ಹಿಡಿದು ಓಡಿದರು. ಎರಡು ದಿನದಲ್ಲಿ ಸಸ್ಯವಾಣಿ ಎಂಬ ಹೆಸರು ಹೋಗಿ ಕೂಸಿನ ಡಬ್ಬಿ ಎಂದಾಯಿತು. ಮೂರನೆಯ ದಿನ ಯಾರೋ ಟ್ರೇಗಳ ಮೂಲೆಗೆ ದೃಷ್ಟಿ ತಾಗದಿರಲೆಂದು ಕಾಡಿಗೆ ಬೊಟ್ಟು ಇಟ್ಟಿದ್ದರು. ಒಬ್ಬಾಕೆ ಹನ್ನೆರಡನೆಯ ಟ್ರೇಯ ಮುಂದೆ ಕೂತು ಜೋಗುಳ ಹಾಡುವುದನ್ನು ನಾನೇ ಕಣ್ಣಾರೆ ಕಂಡೆ. ನಾನು ಕಂಟ್ರೋಲ್ ರೂಮು ಎಂಬ ತಗಡಿನ ಕೋಣೆಯಲ್ಲಿ ಕೂತು ಮಂಡಳಿಗೆ ವರದಿ ಬರೆದೆ: ಸ್ಪಂದನೆ ನೂರಕ್ಕೆ ನೂರು.

ಅಗಿಗಳು ಬೇಗ ಬೇಗ ಉದ್ದವಾದವು. ಎಳೆಹಸಿರು, ನೋಡಲು ಚೆಂದ. ನೀಲಗಂಗವ್ವ ಮಾತ್ರ ಒಂದನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, “ಉದ್ದ ಆಗ್ಯಾವ, ಗಟ್ಟಿ ಆಗಿಲ್ಲ” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಮೃಗಶಿರಾ ಮಳೆಗೆ ಹಚ್ಚಿದೆವು. ಆರು ದಿನದಲ್ಲಿ ಒಂಬತ್ತು ಸಾವಿರದ ಎಂಟುನೂರು ಅಗಿಗಳೂ ಮಲಗಿದವು. ಕೆಲವಕ್ಕೆ ಬುಡದಲ್ಲಿ ಕುತ್ತಿಗೆ ಕೊಳೆತು ದಾರದಂತಾಗಿತ್ತು. ಉಳಿದವು ಮೊದಲ ಬಿಸಿಲಿಗೇ ಸುಸ್ತಾಗಿ ಬಿದ್ದು ಏಳಲಿಲ್ಲ. ನಾನು ಇಳಿಜಾರಿನಲ್ಲಿ ಕೂತು ಅತ್ತೆ. ಸುಮ್ಮನೆ ಕಣ್ಣೀರಲ್ಲ, ಸದ್ದು ಮಾಡಿಯೇ ಅತ್ತೆ. ನಮ್ಮ ಬಳಿ ಇನ್ನೊಂದೇ ಸಲಕ್ಕೆ ಸಾಕಾಗುವಷ್ಟು ಬೀಜವಿತ್ತು.

ಮರುದಿನ ಎಲ್ಲರನ್ನೂ ಕೂಡಿಸಿ ಕೇಳಿದೆ. “ಖರೇ ಹೇಳ್ರಿ. ದಿನಕ್ಕ ಎಷ್ಟು ಸಲ ನೀರು ಹಾಕಿದ್ರಿ?”

“ಎರಡ ಸಲ, ನೀವು ಹೇಳಿದಂಗ” ಎಂದಳು ಒಬ್ಬಳು. ಆಮೇಲೆ ತಾನೇ, “ನಡುವ ಒಂದ್ಸಲ ಅತ್ತಾಗ ಒಂಚೂರು” ಎಂದಳು. “ನಾನೂ ಒಂಚೂರು” ಎಂದಳು ಪಕ್ಕದವಳು. ಒಂಚೂರು ಒಂಚೂರು ಎನ್ನುತ್ತ ಇಪ್ಪತ್ತೂ ಜನ ಒಪ್ಪಿಕೊಂಡರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಬಸಲಿಂಗಪ್ಪ ಟೊಪ್ಪಿಗೆ ತೆಗೆದು, “ನಸುಕಿನ್ಯಾಗ ಯಾರೂ ಇರೂದಿಲ್ಲಲ್ರಿ ಸರ್, ಅಳೂದು ಕೇಳಾಕ ಆಗಲಿಲ್ರಿ. ನಾನೂ ಎರಡು ಕೊಡ...” ಎಂದು ನಿಲ್ಲಿಸಿದ.

ಎಲ್ಲರ ಕಣ್ಣೂ ನೀಲಗಂಗವ್ವನ ಮೇಲೆ ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾನೂ ಹಾಕೀನಿ. ಐವತ್ತು ವರ್ಷ ಅಗಿ ಬೆಳಸೀನಿ, ಹಚ್ಚೂಕಿಂತ ಮೊದಲ ನೀರು ಕಡಿಮಿ ಮಾಡಬೇಕು, ಬಿಸಲಿಗೆ ಇಡಬೇಕು ಅನ್ನೂದು ನನಗ ಗೊತ್ತಿಲ್ಲೇನು? ಆದ್ರ ಮುಂಜಾನೆ ಎರೆದು ಬಂದ ಕೂಸು ಇಲ್ಲಿ ಅತ್ತಂಗ ಆದ್ರ, ಕೈ ತಾನ ಝಾರಿಗೆ ಹೊಕ್ಕೈತ್ರಿ.”

ಹೀಗೆ ಮೋಸವಿಲ್ಲದೆ, ಆಲಸ್ಯವಿಲ್ಲದೆ, ಬರೀ ಮಮತೆಯಿಂದ ನಾವೆಲ್ಲ ಸೇರಿ ಅಗಿಗಳನ್ನು ಮುಳುಗಿಸಿ ಕೊಂದಿದ್ದೆವು. ಅತಿಯಾದರೆ ಅಮೃತವೂ ವಿಷ ಎಂದು ಶಾಲೆಯಲ್ಲಿ ಓದಿದ್ದೆ. ಓದಿದ್ದು ಉಪಯೋಗಕ್ಕೆ ಬರುವುದು ಯಾವಾಗಲೂ ತಡವಾಗಿಯೇ.

ನಾನು ಡಬ್ಬಿಯನ್ನು ಕಿತ್ತುಹಾಕುವುದೆಂದು ನಿರ್ಧರಿಸಿದೆ. ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ನೀಲಗಂಗವ್ವನಿಗೆ ಹಾಗೆಂದೆ. ಅಷ್ಟರಲ್ಲಿ ಅವಳ ಕಾಲಮೇಲಿದ್ದ ಇಂಚರ ಅಳತೊಡಗಿದಳು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಶಾಂಭವಿ ಅಡುಗೆಮನೆಯಿಂದ ತಲೆಯೂ ಎತ್ತಲಿಲ್ಲ.

“ನೀ ಯಾಕ ಬರವಲ್ಲಿ? ಕೂಸು ಅಳಾಕತ್ತೈತಿ” ಎಂದೆ.

“ಹಟ ಅದು. ಎರೆದ ಮ್ಯಾಲೆ ನಿದ್ದಿ ಬಂದಿರ್ತೈತಿ, ಅದಕ್ಕ ಒದರತೈತಿ. ಹಸಿವಿನ ಅಳು ಬ್ಯಾರೆ” ಎಂದಳು ಒಳಗಿನಿಂದ.

ನೀಲಗಂಗವ್ವನ ಕೈಯಲ್ಲಿದ್ದ ಚಂಬು ಅಲ್ಲೇ ನಿಂತಿತು. “ಸಾಹೇಬ್ರ,” ಎಂದಳು, “ನಿಮ್ಮ ಡಬ್ಬ್ಯಾಗಿಂದು ಇದ ಅಳು. ಹಟದ ಅಳು! ಅಗಿಗೆ ಖರೇನ ಬಾಯಾರಿದ್ರೂ ಅದ ಅಳು, ಸುಮ್ಮನ ಬಿಸಲಿಗೆ ಮೈ ಸಡ್ಲ ಬಿಟ್ರೂ ಅದ ಅಳು. ಎಲ್ಲಾದಕ್ಕೂ ಒಂದ ಅಳು ಇಟ್ರ ತಾಯಿಗೆ ಹೆಂಗ ಗೊತ್ತಾಗಬೇಕು? ಡಬ್ಬಿ ಕೀಳಬ್ಯಾಡ್ರಿ. ಅದಕ್ಕ ಅಳೂದು ಕಲಸ್ರಿ.”

“ನಂಗೇ ಗೊತ್ತಿಲ್ಲ ಎರಡರ ವ್ಯತ್ಯಾಸ, ಯಂತ್ರಕ್ಕ ಹೆಂಗ ಕಲಸಲಿ?”

“ನಾವು ಹೇಳ್ತೀವಿ. ನೀವು ಬರಕೋರಿ.”

ಎರಡನೆಯ ಸಲದ ಬೀಜ ಆರಿದ್ರಾ ಮಳೆಯಲ್ಲಿ ಬಿದ್ದವು. ಮೊಳಕೆ ಬಂದು ನಾಲ್ಕು ಎಲೆ ಆದಮೇಲೆ ಪಾಠ ಶುರುವಾಯಿತು. ಡಬ್ಬಿ ಅತ್ತಾಗಲೆಲ್ಲ ಒಬ್ಬಾಕೆ ಹೋಗಿ ಆ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡುವಳು. ಭಾರವಿದ್ದರೆ ಒಳಗೆ ನೀರಿದೆ, ಆದ್ದರಿಂದ ಹಟ. ಹಗುರವಿದ್ದರೆ ಖರೇ ಬಾಯಾರಿಕೆ. ಹಟಕ್ಕೆ ತಗಡಿನ ಗೋಡೆಯ ಮೇಲೆ ಇದ್ದಿಲಿನ ಗೀಟು, ಖರೇ ಅಳುವಿಗೆ ಸುಣ್ಣದ ಗೀಟು, ಪಕ್ಕದಲ್ಲಿ ಟ್ರೇಯ ನಂಬರು ಮತ್ತು ಹೊತ್ತು. ತೂಗುವ ಕೈ ಅವರಿಗೆ ಎಂಥದಿತ್ತೆಂದರೆ, ನನ್ನ ತಕ್ಕಡಿ ಒಂದು ಸಲ ಬೇರೆ ಹೇಳಿದಾಗ ತಕ್ಕಡಿಯೇ ಕೆಟ್ಟಿತ್ತು.

ಒಂಬತ್ತು ದಿನಕ್ಕೆ ಗೋಡೆ ತುಂಬಿತು. ಗೀಟುಗಳನ್ನೂ ನನ್ನ ಪರದೆಯ ಮೇಲಿನ ಗೆರೆಗಳನ್ನೂ ಎದುರುಬದುರು ಇಟ್ಟು ನೋಡಿದೆ. ಹಟದ ಅಳುವಿನ ಗೆರೆ ಥಟ್ಟನೆ ಇಳಿದು ಕಂಪಿಸುತ್ತಿತ್ತು. ಖರೇ ಬಾಯಾರಿಕೆಯದು ಕಂಪನವೇ ಇಲ್ಲದೆ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತಿತ್ತು. ಎರಡು ವರ್ಷದಿಂದ ಆ ಕಂಪನವನ್ನು ನಾನು ಯಂತ್ರದ ದೋಷವೆಂದು ಒರೆಸಿಹಾಕುತ್ತಿದ್ದೆ! ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಖುಷಿ ಗೆದ್ದಿತು.

ಖರೇ ಬಾಯಾರಿಕೆಗೆಂದು ಇನ್ನೊಂದು ಅಳು ಬೇಕಾಯಿತು. ಈ ಸಲ ಶಾಂಭವಿಯೇ ಮೈಕು ಹಿಡಿದಳು. “ಹಸಿವಿನ ಅಳು ಒಂದ ನಿಮಿಷ ಅಷ್ಟ. ಜಾಸ್ತಿ ಅಳಸೂದಿಲ್ಲ ನನ್ನ ಮಗಳನ್ನ” ಎಂದು ಕರಾರು ಮಾಡಿದಳು. ನಲವತ್ತು ಸೆಕೆಂಡಿಗೇ ಮೈಕು ಎಸೆದು ಎತ್ತಿಕೊಂಡಳು. ಅಷ್ಟೇ ಸಾಕಾಯಿತು.

ಆಮೇಲಿನ ಹತ್ತು ದಿನ ಅಗಿಗಳಿಗೂ ನಮಗೂ ಗಟ್ಟಿಯಾಗುವ ದಿನಗಳು. ನೆರಳುಪರದೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿದೆವು. ಖರೇ ಅಳುವಿಗೆ ನೀರು, ಹಟಕ್ಕೆ ಇಲ್ಲ. ಮಧ್ಯಾಹ್ನವಾದರೆ ನೂರು ಟ್ರೇಗಳೂ ಹಟ ಹಿಡಿದು ಒದರುತ್ತಿದ್ದವು. ಹೆಣ್ಣುಮಕ್ಕಳು ಹಲ್ಲು ಕಚ್ಚಿ ಕೂತು ರೊಟ್ಟಿ ತಿನ್ನುತ್ತಿದ್ದರು. ಬಸಲಿಂಗಪ್ಪನ ಕೈಗೆ ಝಾರಿ ಸಿಗದಂತೆ ನೀಲಗಂಗವ್ವ ಎಲ್ಲ ಝಾರಿಗಳನ್ನೂ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಳು. ಅಗಿಗಳು ಗಿಡ್ಡಗಿದ್ದವು. ಆದರೆ ಕಾಂಡ ದಪ್ಪಗಾಗಿ ಬುಡದಲ್ಲಿ ನೇರಳೆ ಬಣ್ಣ ತಿರುಗಿತು. ಬೆರಳಲ್ಲಿ ಬಗ್ಗಿಸಿದರೆ ತಿರುಗಿ ನೆಟ್ಟಗೆ ನಿಲ್ಲುತ್ತಿದ್ದವು.

ಪುಷ್ಯ ಮಳೆಯ ಕೊನೆಗೆ, ಮೋಡದ ಒಂದು ಸಂಜೆ ಹಚ್ಚುವ ಕೆಲಸ ಶುರು ಮಾಡಿ ಮೂರು ಸಂಜೆಯಲ್ಲಿ ಮುಗಿಸಿದೆವು. ಟ್ರೇಯ ಗುಳಿಯನ್ನು ಕೆಳಗಿನಿಂದ ಹಿಚುಕಿ, ಕಾಂಡ ಹಿಡಿಯದೆ ಎಲೆ ಹಿಡಿದು, ಬೇರಿನ ಮುದ್ದೆ ಒಡೆಯದಂತೆ ಎತ್ತಿ, ತೋಡಿಟ್ಟ ಕುಣಿಗಿಳಿಸಬೇಕು. ಪ್ರತಿ ಕುಣಿಗೂ ನೀಲಗಂಗವ್ವ ಊರ ತೋಟದ ಮಣ್ಣು ಒಂದೊಂದು ಹಿಡಿ ಹಾಕಿಸಿದಳು. “ಹೆಣ್ಣು ಗಂಡನ ಮನಿಗೆ ಹೊಂಟ್ರ ಉಡಿ ತುಂಬದ ಕಳಸ್ತೀವೇನು?” ಎಂದಳು. ಆ ಹಿಡಿ ಮಣ್ಣಿನಲ್ಲಿ ಬೇರಿಗೆ ನೆರವಾಗುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ ಎಂದು ನಾನು ವಿವರಿಸಿದೆ. “ಹಂಗಾರ ಉಡಿ ಬರೋಬ್ಬರಿ ತುಂಬೀನಿ” ಎಂದು ಅವಳು ಮುಂದಿನ ಕುಣಿಗೆ ಹೋದಳು. ಹಚ್ಚಿದ ಕೂಡಲೇ ಬುಡಕ್ಕೆ ಒಂದು ಸಲ ನೀರು. ಐವತ್ತು ಅಗಿಗೆ ಒಂದರಂತೆ ಸುಮಾರು ಇನ್ನೂರು ಸೂಜಿ.

ಹಚ್ಚಿ ಮುಗಿಸಿದ ಮೂರನೆಯ ದಿನ ಮೋಡ ಹರಿದು ಬಿಸಿಲು ಬಿತ್ತು. ಅವತ್ತೇ ಮಂಡಳಿಯ ಅಧಿಕಾರಿ ಜಾಹ್ನವಿ ದೇಸಾಯಿಯವರು ನೋಡಲು ಬಂದರು. ಹನ್ನೆರಡು ಗಂಟೆಗೆ ಕಂಟ್ರೋಲ್ ರೂಮಿನಲ್ಲಿ ಇನ್ನೂರು ಸೂಜಿಗಳೂ ಒಟ್ಟಿಗೆ ಅತ್ತವು. ತಗಡಿನ ಗೋಡೆ ನಡುಗಿತು. ಕಿಟಕಿಯಿಂದ ಕಾಣುತ್ತಿದ್ದ ಇಳಿಜಾರಿನಲ್ಲಿ ಅಗಿಗಳೆಲ್ಲ ತಲೆ ಜೋತುಹಾಕಿದ್ದವು.

“ಟ್ಯಾಂಕರ್ ತರಸ್ರಿ, ತಕ್ಷಣ!” ಎಂದರು ಅಧಿಕಾರಿ.

“ಬ್ಯಾಡ್ರಿ ಅಕ್ಕಾರ” ಎಂದಳು ನೀಲಗಂಗವ್ವ. “ಹಟ ಐತಿ. ಈಗ ನೀರು ಹಾಕಿದ್ರ ಈ ಕೆಂಪು ಮಣ್ಣು ಹೆಪ್ಪುಗಟ್ಟಿ ಕುತ್ತಿಗಿ ಹಿಸಕತೈತಿ. ಬೇರು ಕೆಳಗ ಇಳಿಯೂದು ಬಿಟ್ಟು ಮ್ಯಾಲ ಕುಂದರತೈತಿ. ದೀಪ ಹಚ್ಚೂ ಹೊತ್ತಿಗೆ ಸುಮ್ಮನಾಗ್ತಾವ.”

“ಆಗದಿದ್ದರೆ?”

“ಆಗದಿದ್ರ ಹೊಂಡ ಮುಚ್ಚಿಸ್ರಿ. ನನ್ನ ಹೆಸರಿನ ಮ್ಯಾಲ ಬರಕೋರಿ.”

ಅಧಿಕಾರಿ ನನ್ನ ಮುಖ ನೋಡಿದರು. ಪರದೆಯ ಮೇಲೆ ಗೆರೆಗಳು ಕಂಪಿಸುತ್ತಿದ್ದವು. “ಹಟ ಐತ್ರಿ ಮೇಡಂ” ಎಂದೆ. ನನ್ನ ಧ್ವನಿಯೂ ಕಂಪಿಸುತ್ತಿತ್ತು.

ಐದು ಗಂಟೆಗೆ ನೀಲಗಂಗವ್ವ ಅಲ್ಲಿಂದೆದ್ದು ಹೊರಗೆ ಹೋದಳು. ಆರಾಯಿತು, ಆರೂವರೆಯಾಯಿತು. ಅಳು ಒಂದೊಂದಾಗಿ ನಿಲ್ಲತೊಡಗಿತು. ಏಳಕ್ಕೆ ಸ್ವಲ್ಪ ಮೊದಲು ಕೊನೆಯದೂ ನಿಂತಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅಧಿಕಾರಿ ಒಂದು ಪ್ರಶ್ನೆ ಕೇಳಿದರು.

“ಇಂದುಧರ, ಸತ್ತ ಅಗಿ ಅಳ್ತದೇನು?”

ಇಲ್ಲ. ಸತ್ತ ಬೇರಿನಲ್ಲಿ ವಿದ್ಯುತ್ತಿನ ಏರಿಳಿತವೇ ಇರುವುದಿಲ್ಲ. ಸಮಾಧಾನವಾದ ಗಿಡದ ಗೆರೆಯೂ ಸಪಾಟು, ಸತ್ತ ಗಿಡದ ಗೆರೆಯೂ ಸಪಾಟು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊರಗೆ ಮಬ್ಬಾಗಿತ್ತು, ಇಳಿಜಾರು ಒಂದು ಕೆಂಪು ಮಸುಕಾಗಿ ಕಾಣುತ್ತಿತ್ತು. ಇನ್ನೂರು ಸೂಜಿಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಮತ್ತೆಂದೂ ಕೇಳಿಲ್ಲ, ಕೇಳುವುದೂ ಬೇಡ.

ಆಗ ಒಂದನೆಯ ಸೂಜಿ ‘ಕ್ಯಾಂ’ ಎಂದಿತು. ಒಂದೇ ಕ್ಷಣ, ಮತ್ತೆ ಸುಮ್ಮನಾಯಿತು. ಆಮೇಲೆ ಎರಡನೆಯದು. ಅದೂ ಸುಮ್ಮನಾಯಿತು. ಮೂರು. ನಾಲ್ಕು. ಐದು. ಬಾಯಾರಿಕೆ ಹೀಗೆ ನಂಬರಿನ ಪ್ರಕಾರ ಬರುವುದಿಲ್ಲವಲ್ಲ! ನಾವು ಹೊರಗೆ ಓಡಿದೆವು. ಮೊದಲ ಸಾಲಿನಲ್ಲಿ ಒಂದು ಆಕೃತಿ ಬಗ್ಗುವುದು, ಏಳುವುದು, ನಡೆಯುವುದು, ಮತ್ತೆ ಬಗ್ಗುವುದು ಕಂಡಿತು. ನೀಲಗಂಗವ್ವ ಸೂಜಿ ಇದ್ದ ಅಗಿಗಳನ್ನು ಹುಡುಕಿ ಹುಡುಕಿ, ಒಂದೊಂದರ ಎಲೆಯನ್ನು ಉಗುರಿನಿಂದ ಚಿವುಟುತ್ತ, ಆಮೇಲೆ ತಲೆ ಸವರುತ್ತ ಬರುತ್ತಿದ್ದಳು.

“ಕೇಳಸ್ತೇನ್ರಿ ಸಾಹೇಬ್ರ?” ಎಂದು ಮೇಲಿನಿಂದ ಕೂಗಿದಳು. “ಎಲ್ಲಾ ಜೀವ ಅದಾವ! ತಲಿ ಎತ್ಯಾವ!”

“ಕೂಸು ಚಿವುಟಾಕೀನೂ ಆಕೀನ, ತೊಟ್ಟಿಲ ತೂಗಾಕೀನೂ ಆಕೀನ ನೋಡ್ರಿ” ಎಂದು ಬಸಲಿಂಗಪ್ಪ ಮೀಸೆಯೊಳಗೇ ನಕ್ಕ. ಅಧಿಕಾರಿ ಕೂಡ ನಕ್ಕರು. ನಾನು ಆ ಮಳೆಗಾಲದಲ್ಲಿ ಎರಡನೆಯ ಸಲ ಸದ್ದು ಮಾಡಿ ಅತ್ತೆ. ಅದು ಯಾವ ಅಳು ಎಂದು ಯಾರೂ ಕೇಳಲಿಲ್ಲ.

ಮಳೆಗಾಲದ ಕೊನೆಗೆ ಮಂಡಳಿಯವರು ಎಣಿಸಿದ ದಿನ ಹತ್ತಕ್ಕೆ ಎಂಟೂವರೆ ಬದುಕಿದ್ದವು. ಬೇಲಿಗೆಂದು ತಂದಿದ್ದ ಕಂಬಗಳನ್ನು ಮಂಡಳಿಯವರು ತಿರುಗಿ ಒಯ್ದರು. ಮೂರು ಮಳೆಗಾಲ ಭಂಗಿ ಬೆಳೆದು, ಕೊಯ್ದು, ಮತ್ತೆ ಬೆಳೆದು ಗುಡ್ಡ ಹಸಿರಾಯಿತು. ಕೆಸರು ಹರಿಯುವುದು ನಿಂತಿತು. ಊರವರು ಹೊಂಡದ ಹಳೆಯ ಹೂಳನ್ನು ಎತ್ತಿದರು. ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಹೊಂಡದ ನೀರಿನ ಪರೀಕ್ಷೆಯ ಕಾಗದ ಬಂತು: ಕುಡಿಯಲು ಇನ್ನೂ ತಡ, ಮೈ ತೊಳೆಯಲು ಅಡ್ಡಿಯಿಲ್ಲ.

ಕಾಗದ ಓದಿ ಮುಗಿಸುವಷ್ಟರಲ್ಲಿ ನೀಲಗಂಗವ್ವ ಸೀರೆಯ ಕಚ್ಚೆ ಹಾಕಿ ಆಗಿತ್ತು. ಅರವತ್ತೆಂಟರ ಆ ಹೆಂಗಸು ಬಂಡೆಯ ಮೇಲಿಂದ ಧುಡುಮ್ಮನೆ ಹಾರಿದಾಗ ದಂಡೆಯಲ್ಲಿದ್ದ ನಾವೆಲ್ಲ ತೊಯ್ದುಹೋದೆವು. ಅವಳು ಎದ್ದು ತಲೆ ಒದರಿ ನಗುತ್ತಿದ್ದಳು. ಅದನ್ನು ನೋಡಿ ನನ್ನ ಕಂಕುಳಲ್ಲಿದ್ದ ನಾಲ್ಕು ವರ್ಷದ ಇಂಚರ ಕಾಲು ಝಾಡಿಸಿ ಗಟ್ಟಿಯಾಗಿ ಅಳತೊಡಗಿದಳು. ಇಪ್ಪತ್ತು ಹೆಣ್ಣುಮಕ್ಕಳೂ ಒಟ್ಟಿಗೆ ತಿರುಗಿ ನೋಡಿದರು. ಆ ಧ್ವನಿ ಅವರಿಗೆ ಅಷ್ಟು ಪರಿಚಿತ.

“ಹಟ ಐತಿ ಬಿಡ್ರಿ,” ಎಂದೆ ನಾನು, ಎಲ್ಲ ಬಲ್ಲವನಂತೆ. “ಈಗ ನಿಲ್ಲಸ್ತಾಳ.”

ನೀಲಗಂಗವ್ವ ನೀರಿನಲ್ಲಿ ನಿಂತು ಕಿವಿಯೊಳಗಿನ ನೀರು ಕೊಡವಿ, ಒಂದು ಕ್ಷಣ ಆಲಿಸಿದಳು.

“ಇಲ್ಲೋ ತಮ್ಮಾ, ಇದು ಖರೇ ಅಳು. ಅದಕ್ಕ ನೀರು ಬೇಕಾಗೈತಿ. ಕೊಡಿಲ್ಲೆ.”

ಎರಡೂ ಕೈ ಚಾಚಿದಳು. ನಾನು ಮಗಳನ್ನು ಮೆಲ್ಲಗೆ ಇಳಿಸಿಕೊಟ್ಟೆ. ಹೊಟ್ಟೆಯ ಕೆಳಗೆ ಅವಳ ಅಂಗೈ ಹತ್ತಿದ್ದೇ ತಡ, ಇಂಚರ ಅಳು ನಿಲ್ಲಿಸಿ ಕೈಕಾಲು ಬಡಿಯತೊಡಗಿದಳು.